ಬರ್ತೀನಿ ಎಂದು ಹೊರಡುವವರು

ಮಳೆಗಾಲ ಹಿಡಿಯಿತೆಂದರೆ ಮೈಸೂರು ಸೀಮೆಯ ಜನ ಬೆಳಗಿನ ಪತ್ರಿಕೆಯಲ್ಲಿ ಮೊದಲು ಹುಡುಕುವುದು ಕನ್ನಂಬಾಡಿ ಕಟ್ಟೆಯ ಲೆಕ್ಕವನ್ನು. ನೀರಿನ ಮಟ್ಟ ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು. ಗರಿಷ್ಠ ಮಟ್ಟ 124.80 ಅಡಿ ಎಂಬುದು ಅನೇಕರಿಗೆ ಬಾಯಿಪಾಠ. ಹೊರಹರಿವಿನ ಅಂಕಿ ಓದಿದವರು ಅಲ್ಲಿಗೆ ಸುಮ್ಮನಾಗುವುದಿಲ್ಲ. ಆ ನೀರು ವಿಶ್ವೇಶ್ವರಯ್ಯ ನಾಲೆಗೆ ಬಿಟ್ಟದ್ದೋ, ನದಿಗೆ ಬಿಟ್ಟದ್ದೋ, ಮಂಡ್ಯದ ಗದ್ದೆಗೆಷ್ಟು, ತಮಿಳುನಾಡಿಗೆಷ್ಟು ಎಂದು ವಿಚಾರಿಸುತ್ತಾರೆ. ಹೊರಗೆ ಹೋದದ್ದು ಎಲ್ಲಿಗೆ ಹೋಯಿತು ಎಂಬುದು ಇಲ್ಲಿನವರಿಗೆ ತಿಳಿಯಲೇಬೇಕು.

ದಸರೆಯ ಆನೆಗಳ ಮಾತೂ ಹೀಗೆಯೇ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಪೂಜೆ ಮಾಡಿ ಗಜಪಯಣಕ್ಕೆ ಕಳಿಸುವಾಗ ‘ಕಾಡಿನಿಂದ ನಾಡಿಗೆ’ ಎನ್ನುತ್ತಾರೆ. ಬಿಟ್ಟ ಜಾಗ, ಸೇರುವ ಜಾಗ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ.

ಇಂಗ್ಲಿಷ್ ಆಡುವವರ ದಾರಿ ಬೇರೆ. ‘ಔಟ್ ಆಫ್’ ಎಂಬ ಎರಡು ಪುಟ್ಟ ಪದಗಳ ಮೇಲೆ ಆ ಭಾಷೆ ಎಷ್ಟೊಂದು ಭಾರ ಹೊರಿಸಿದೆ! ಮನೆ ಬಿಟ್ಟು ಬಂದರೆ ಔಟ್ ಆಫ್ ದಿ ಹೌಸ್. ಓಡಿ ಬಂದು ಏದುಸಿರು ಬಿಟ್ಟರೆ ಔಟ್ ಆಫ್ ಬ್ರೆತ್. ಕೆಲಸ ಹೋದರೆ ಔಟ್ ಆಫ್ ವರ್ಕ್, ರೋಗಿ ಅಪಾಯದಿಂದ ಪಾರಾದರೆ ಔಟ್ ಆಫ್ ಡೇಂಜರ್, ಕನಿಕರದಿಂದ ಏನಾದರೂ ಕೊಟ್ಟರೆ ಔಟ್ ಆಫ್ ಪಿಟಿ. ಅಡುಗೆಮನೆಯಲ್ಲಿ ಸಕ್ಕರೆ ತೀರಿದರಂತೂ ಮನೆಯವರೇ ಸಕ್ಕರೆಯಿಂದ ಆಚೆ ಬಂದವರಂತೆ ‘ವಿ ಆರ್ ಔಟ್ ಆಫ್ ಶುಗರ್’ ಎನ್ನುತ್ತಾರೆ. ಕನ್ನಡದಲ್ಲಿ ಸಕ್ಕರೆ ಖಾಲಿಯಾಗುತ್ತದೆ, ಕೆಲಸ ಹೋಗುತ್ತದೆ, ಗಂಡಾಂತರ ಕಳೆಯುತ್ತದೆ. ಒಂದೊಂದಕ್ಕೂ ಅದರದೇ ಕ್ರಿಯಾಪದ.

ಬೀಟೆಮರದಲ್ಲಿ ಚಿತ್ರ ಕೂರಿಸುವ ಕುಸುರಿ ಕೆಲಸಕ್ಕೆ ಮೈಸೂರು ಹೆಸರಾದ ಊರು. ಇಂಗ್ಲಿಷಿನಲ್ಲಿ ಆನೆಯ ಬೊಂಬೆ ಮರದೊಳಗಿಂದ ಹೊರಬಂದದ್ದು, ‘ಮೇಡ್ ಔಟ್ ಆಫ್ ವುಡ್’. ಇಲ್ಲಿ ಅದು ‘ಬೀಟೆಮರದಲ್ಲಿ ಮಾಡಿದ ಆನೆ’. ಕೆತ್ತಿ ಮುಗಿದ ಮೇಲೂ ಆನೆ ಮರದಲ್ಲೇ ಇದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪತ್ರಿಕೆಗಳು ‘625ಕ್ಕೆ 625’ ಎಂದು ದೊಡ್ಡಕ್ಷರದಲ್ಲಿ ಅಚ್ಚು ಹಾಕುತ್ತವೆ. ಇಲ್ಲೂ ಇಂಗ್ಲಿಷಿನವರು ‘ಔಟ್ ಆಫ್’ ಎಂದು ಒಟ್ಟು ಮೊತ್ತದೊಳಗಿಂದ ಅಂಕ ತೆಗೆದರೆ, ಕನ್ನಡಿಗರು ಮೊತ್ತದ ಎದುರಿಗೆ ಅಂಕವನ್ನಿಟ್ಟು ಅಳೆಯುತ್ತಾರೆ.

ವ್ಯಾಕರಣಕಾರರಿಗೂ ಈ ಹೊರಬರುವಿಕೆ ಸುಲಭದ ವಿಷಯವಾಗಿರಲಿಲ್ಲ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಪಂಚಮೀ ವಿಭಕ್ತಿಗೆ ‘ಅತ್ತಣಿಂ’ ಎಂಬ ಪ್ರತ್ಯಯ ಹೇಳಿದ. ಶಾಲೆಯ ಪುಸ್ತಕದಲ್ಲಿ ಅದೇ ‘ದೆಸೆಯಿಂದ’ ಆಯಿತು. ಆದರೆ ಮರದ ದೆಸೆಯಿಂದ ಹಣ್ಣು ಬಿತ್ತು ಎಂದು ದೇವರಾಜ ಮಾರುಕಟ್ಟೆಯಲ್ಲಿ ಯಾರೂ ಹೇಳುವುದಿಲ್ಲ. ಕೊಡಲಿಯಿಂದ ಕಡಿಯುವುದಕ್ಕೂ ಮರದಿಂದ ಬೀಳುವುದಕ್ಕೂ ಒಂದೇ ‘ಇಂದ’ ಸಾಕು. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ಯಬಾರದು ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಲ್ಲಿ ವಾದಿಸಿದ್ದು ಇಂಥ ಕಡೆ ಸರಿ ಎನಿಸುತ್ತದೆ.

ವ್ಯಾಕರಣದಲ್ಲಿ ಸಿಗದ ಸೂಕ್ಷ್ಮ ಮನೆಯ ಬಾಗಿಲಲ್ಲಿ ಸಿಗುತ್ತದೆ. ಹೊರಟವರು ‘ಹೋಗ್ತೀನಿ’ ಎನ್ನುವಂತಿಲ್ಲ. ‘ಬರ್ತೀನಿ’, ಇಲ್ಲವೇ ‘ಹೋಗಿ ಬರ್ತೀನಿ’. ಬಾಯಿತಪ್ಪಿ ಹೋಗ್ತೀನಿ ಎಂದರೆ ಅಜ್ಜಿ ಗದರಿ, ಬಿಡ್ತು ಅನ್ನು ಎನ್ನುತ್ತಾಳೆ. ಚಪ್ಪಲಿ ಮೆಟ್ಟಿದವರನ್ನು ಎಲ್ಲಿಗೆ ಎಂದು ಕೇಳುವುದೂ ತಪ್ಪು. ಹಾಗೆಂದು ಕೇಳದೆ ಇರುವುದುಂಟೆ? ಪಕ್ಕದ ಮನೆಯವರು ‘ದೂರ ಹೊರಟ್ರಾ?’ ಎನ್ನುತ್ತಾರೆ. ದೇವರ ಮುಂದಿನ ದೀಪ ಆರಿಸುವುದಿಲ್ಲ, ಶಾಂತ ಮಾಡುತ್ತಾರೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ತೀರುವುದನ್ನೂ ಅಗಲುವುದನ್ನೂ ಇಷ್ಟು ಜೋಪಾನವಾಗಿ ಆಡುವ ನುಡಿ ಇದು.

ಇಂಥ ನುಡಿ ಮನುಷ್ಯರನ್ನೇ ಆಚೆಗಿಟ್ಟಾಗ ಎಷ್ಟು ಒರಟಾಗುತ್ತದೆ ಎಂಬುದು ನೋವಿನ ಸಂಗತಿ. ಮುಟ್ಟಾದ ಹೆಂಗಸನ್ನು ‘ಹೊರಗೆ ಕೂತಿದ್ದಾಳೆ’ ಎನ್ನುತ್ತಾರೆ. ದಲಿತರ ಕೇರಿ ‘ಊರಾಚೆ’ ಇರುತ್ತದೆ, ಅದು ಊರೇ ಅಲ್ಲವೆಂಬಂತೆ. ಇವು ಬರೀ ಮಾತುಗಳಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಹಟ್ಟಿಯಾಚೆಯ ಗುಡಿಸಲಿನಲ್ಲಿ ಇರಿಸಿದ್ದರು. ಮಳೆ, ಚಳಿ. ಮಗು ಉಳಿಯಲಿಲ್ಲ. ಕಟ್ಟೆಯ ನೀರು ಎಲ್ಲಿಗೆ ಹೋಯಿತೆಂದು ಕೇಳುವ ನಾಡಿನಲ್ಲಿ, ಆ ತಾಯಿಯನ್ನು ಎಲ್ಲಿಗೆ ಕಳಿಸುತ್ತಿದ್ದೀರಿ ಎಂದು ಕೇಳುವವರು ಸಾಕಷ್ಟು ಇರಲಿಲ್ಲ.

ಕಡತಗಳಲ್ಲಿ ಇನ್ನೊಂದು ಮಾತಿದೆ: ‘ಶಾಲೆಯಿಂದ ಹೊರಗುಳಿದ ಮಕ್ಕಳು’. ಇಂಗ್ಲಿಷಿನ ‘ಔಟ್ ಆಫ್ ಸ್ಕೂಲ್’ ಎಂಬುದು ಕನ್ನಡಕ್ಕೆ ಬಂದಾಗ ಆದ ರೂಪ ಇದು. ಮಗು ತಾನಾಗಿಯೇ ಹೊರಗೆ ಉಳಿದುಕೊಂಡಿತು ಎಂಬ ಅರ್ಥ ಬರುತ್ತದೆ. ಹೊರಗಿಟ್ಟವರು ಯಾರು? ಕೂಲಿಗೆ ಊರೂರು ಅಲೆಯುವ ಮನೆಯ ಕಷ್ಟವೋ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊಣೆಯೋ, ಬಾಲ್ಯವಿವಾಹವೋ? ಆ ಪದ ಹೇಳುವುದಿಲ್ಲ. ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣದ ಹಕ್ಕು ಕೊಟ್ಟ 2009ರ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದಾಗಿ ಮೂರು ವರ್ಷಕ್ಕೆ, 2013ರಲ್ಲಿ, ಪತ್ರಿಕೆಯ ವರದಿಯೊಂದನ್ನು ಓದಿದ ಕರ್ನಾಟಕ ಹೈಕೋರ್ಟ್ ತಾನೇ ಮೊಕದ್ದಮೆ ಹೂಡಿ, ಈ ಮಕ್ಕಳು ಎಲ್ಲಿದ್ದಾರೆಂದು ಸರ್ಕಾರವನ್ನು ಕೇಳಬೇಕಾಯಿತು. ಎಲ್ಲಿ ಎಂದು ಕೇಳಿದ್ದರಿಂದಲೇ ಮನೆಮನೆಯ ಲೆಕ್ಕ, ವಿವರ, ಉತ್ತರದಾಯಿತ್ವ ಎಲ್ಲವೂ ಚರ್ಚೆಗೆ ಬಂದವು.

ಶಾಲೆಯ ಗಂಟೆ ಬಾರಿಸಿದ ಮೇಲೂ ಕಟ್ಟಡದ ಕೆಲಸದ ಜಾಗದಲ್ಲಿ, ಹೋಟೆಲಿನ ಹಿಂಬಾಗಿಲಲ್ಲಿ, ಸಿಗ್ನಲ್ ಕಂಬದ ಬಳಿ ನಿಂತ ಮಗು ಕಣ್ಣಿಗೆ ಬಿದ್ದರೆ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರಿಗೆ ತಿಳಿಸಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಆ ಸಂಖ್ಯೆಗೆ ಕರೆ ಮಾಡಬಹುದು, ಅದಕ್ಕೆ ಶುಲ್ಕವಿಲ್ಲ.