ಹದಿನೆಂಟು ತುಂಬಿದ ಮೇಲೆ ಯಾವ ಮನೆ?



ನಮ್ಮ ಮನೆಗಳಲ್ಲಿ ಮಗನಿಗೋ ಮಗಳಿಗೋ ಹದಿನೆಂಟು ತುಂಬಿತೆಂದರೆ ಏನಾಗುತ್ತದೆ? ಮತದಾರರ ಪಟ್ಟಿಗೆ ಹೆಸರು ಸೇರಿಸುವ ಮಾತು ಬರುತ್ತದೆ, ಡ್ರೈವಿಂಗ್ ಲೈಸೆನ್ಸಿಗೆ ಓಡಾಟ ಶುರುವಾಗುತ್ತದೆ, ಬೈಕು ಕೊಡಿಸಿ ಅಂತ ಒಂದಷ್ಟು ದಿನ ರಗಳೆ ನಡೆಯುತ್ತದೆ. ಊಟದ ತಟ್ಟೆ ಬದಲಾಗುವುದಿಲ್ಲ, ಮಲಗುವ ಕೋಣೆ ಬದಲಾಗುವುದಿಲ್ಲ. ಬಾಲಮಂದಿರದಲ್ಲಿ ಬೆಳೆದವರಿಗೆ ಮಾತ್ರ ಅದೇ ಹದಿನೆಂಟು ಎಂದರೆ ಬಟ್ಟೆಬರೆ ಕಟ್ಟಿಕೊಂಡು ಹೊರಡುವ ದಿನ. ಮಕ್ಕಳಿಗಾಗಿ ಇರುವ ಸಂಸ್ಥೆಯಲ್ಲಿ ಮಕ್ಕಳಲ್ಲದವರು ಇರುವ ಹಾಗಿಲ್ಲ.

ಈ ಹದಿನೆಂಟರ ಲೆಕ್ಕವನ್ನೇ ಸ್ವಲ್ಪ ನೋಡಿ. 2015ರ ಬಾಲ ನ್ಯಾಯ ಕಾಯ್ದೆಯ 94ನೇ ಸೆಕ್ಷನ್ನು ವಯಸ್ಸು ಗೊತ್ತುಮಾಡುವ ಕ್ರಮ ಹೇಳುತ್ತದೆ. ಮೊದಲು ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ನಗರಸಭೆಯೋ ಪಂಚಾಯಿತಿಯೋ ಕೊಟ್ಟ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮೂಳೆಯ ಪರೀಕ್ಷೆ. ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಒಂಟಿಯಾಗಿ ಸಿಕ್ಕ ಹುಡುಗನ ಬಳಿ ಯಾವ ಅಂಕಪಟ್ಟಿ ಇರಲು ಸಾಧ್ಯ? ಎಕ್ಸ್‌ರೇ ನೋಡಿ ವೈದ್ಯರು ಅಂದಾಜು ಹೇಳುತ್ತಾರೆ. ಈ ಅಂದಾಜಿನಲ್ಲಿ ಒಂದೆರಡು ವರ್ಷ ಆಚೀಚೆ ಆಗಬಹುದೆಂದು ನ್ಯಾಯಾಲಯಗಳೇ ಒಪ್ಪಿಕೊಂಡಿವೆ. ಹಾಗೆ ಅಂದಾಜಿನಲ್ಲಿ ಸಿಕ್ಕ ವಯಸ್ಸು ಹೊರಹೋಗುವ ದಿನ ಬಂದಾಗ ಒಂದು ದಿನವೂ ಹಿಂದೆಮುಂದೆ ಆಗದಷ್ಟು ಗಟ್ಟಿಯಾಗಿಬಿಡುತ್ತದೆ.

ಬಾಲಮಂದಿರದ ಮಕ್ಕಳೆಲ್ಲ ಅನಾಥರು ಎಂದು ಅನೇಕರು ತಿಳಿದಿದ್ದಾರೆ. ಹಾಗೇನಿಲ್ಲ. ತಂದೆ ಇಲ್ಲದೆ ತಾಯಿ ಕೂಲಿಗೆ ಹೋಗುವವರ ಮಕ್ಕಳು, ಹೆತ್ತವರು ಜೈಲಿನಲ್ಲೋ ಆಸ್ಪತ್ರೆಯಲ್ಲೋ ಇರುವವರು, ದುಡಿಮೆಯಿಂದಲೋ ಬಾಲ್ಯವಿವಾಹದಿಂದಲೋ ಬಿಡಿಸಿ ತಂದವರು ಎಲ್ಲರೂ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಇಲ್ಲಿಗೆ ಬರುತ್ತಾರೆ. 2016-17ರಲ್ಲಿ ಕೇಂದ್ರ ಸರ್ಕಾರ ದೇಶದ ಇಂಥ ಸಂಸ್ಥೆಗಳನ್ನೆಲ್ಲ ಎಣಿಸಿದಾಗ ಸಿಕ್ಕಿದ್ದು 9,589 ಸಂಸ್ಥೆ, ಅಲ್ಲಿದ್ದ ಮಕ್ಕಳು ಸುಮಾರು 3,70,000. ಮನೆಗೆ ಮರಳಬಲ್ಲವರು ಮರಳುತ್ತಾರೆ. ಉಳಿದವರಿಗೆ ಹದಿನೆಂಟು ಬರುತ್ತದೆ.

ಕಾಯ್ದೆ ಇವರನ್ನು ಮರೆತಿಲ್ಲ ಎನ್ನಬೇಕು. 46ನೇ ಸೆಕ್ಷನ್ನಿನಲ್ಲಿ ಹೊರಹೋಗುವವರಿಗೆ ಹಣಕಾಸಿನ ನೆರವಿನ ಮಾತಿದೆ, ಆದರೆ ಕೊಡಲೇಬೇಕೆಂಬ ಕಟ್ಟಳೆ ಅಲ್ಲಿಲ್ಲ. 2016ರ ಮಾದರಿ ನಿಯಮಗಳು ಇನ್ನಷ್ಟು ಬಿಡಿಸಿ ಹೇಳುತ್ತವೆ. ಇಪ್ಪತ್ತೊಂದರವರೆಗೆ, ತೀರಾ ಅಗತ್ಯವಿದ್ದರೆ ಇನ್ನೆರಡು ವರ್ಷ ಆಸರೆ ಕೊಡಬಹುದು. ಆರೆಂಟು ಮಂದಿ ಸೇರಿ ಒಂದು ಮನೆಯಲ್ಲಿ ಇರುವ ಏರ್ಪಾಡು ಮಾಡಬಹುದು. ಕಸುಬು ಕಲಿಸಬಹುದು, ಓದಿಸಬಹುದು. ಸಂಸ್ಥೆ ಬಿಡುವ ಎರಡು ತಿಂಗಳ ಮೊದಲೇ ಮುಂದಿನ ಯೋಜನೆ ಬರೆದು ಸಮಿತಿಯ ಮುಂದಿಡಬೇಕು. 2022ರಲ್ಲಿ ಬಂದ, ಮಿಷನ್ ವಾತ್ಸಲ್ಯ ಎಂಬ ಕೇಂದ್ರ ಯೋಜನೆಯ ಮಾರ್ಗಸೂಚಿಯ ಪ್ರಕಾರ ಇಂಥವರಿಗೆ ತಿಂಗಳಿಗೆ 4,000 ರೂಪಾಯಿ ಕೊಡಬಹುದು. ಮೊದಲು ಇದು ಎರಡು ಸಾವಿರವಿತ್ತು. ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿ ಒಂದು ಮಂಚ ಹಿಡಿದವರಿಗೆ ಆ ನಾಲ್ಕು ಸಾವಿರ ಎಲ್ಲಿಯವರೆಗೆ ಬರುತ್ತದೆಂದು ಕೇಳುಗರಿಗೆ ನಾನು ಹೇಳಬೇಕಾಗಿಲ್ಲ.

ಆದರೆ ನನಗೆ ದೊಡ್ಡದಾಗಿ ಕಾಣುವ ಕೊರತೆ ಹಣದ್ದಲ್ಲ.

ದೊಡ್ಡ ಸಂಸ್ಥೆಯೊಂದರಲ್ಲಿ ದಿನ ಹೇಗೆ ನಡೆಯುತ್ತದೆ ನೋಡಿ. ಗಂಟೆ ಹೊಡೆದಾಗ ಏಳುವುದು, ಗಂಟೆ ಹೊಡೆದಾಗ ಪ್ರಾರ್ಥನೆ, ಗಂಟೆ ಹೊಡೆದಾಗ ಊಟದ ಸಾಲು. ಅಡುಗೆ ಕೋಣೆಯೊಳಗೆ ಮಕ್ಕಳಿಗೆ ಪ್ರವೇಶವಿಲ್ಲ, ಅದು ಸುರಕ್ಷತೆಯ ದೃಷ್ಟಿಯಿಂದ ಸರಿಯೇ. ಹತ್ತು ವರ್ಷ ಅಲ್ಲಿ ಬೆಳೆದ ಹುಡುಗ ನೂರು ಮಂದಿಗೆ ಚೆಲ್ಲದಂತೆ ಸಾರು ಬಡಿಸಬಲ್ಲ. ಅವನ ಮುಂದೆ ಒಂದು ಸಣ್ಣ ಕುಕ್ಕರ್ ಇಟ್ಟು ಒಬ್ಬನಿಗಾಗುವಷ್ಟು ಅನ್ನ ಮಾಡು ಎಂದರೆ ಅಕ್ಕಿ ಎಷ್ಟು, ನೀರು ಎಷ್ಟು, ಎಷ್ಟು ಕೂಗು ಎಂದು ಗೊತ್ತಾಗದೆ ನಿಂತುಬಿಡುತ್ತಾನೆ. ಕೇಜಿ ಅಕ್ಕಿಗೆ ಎಷ್ಟು ಎಂದು ಅಂಗಡಿಯಲ್ಲಿ ಕೇಳಿದವನಲ್ಲ. ಕರೆಂಟ್ ಬಿಲ್ಲು ಕೈಯಲ್ಲಿ ಹಿಡಿದವನಲ್ಲ. ನಾವೆಲ್ಲ ಇದನ್ನು ಯಾವ ತರಬೇತಿಯಲ್ಲೂ ಕಲಿಯಲಿಲ್ಲ. ಅಮ್ಮನ ಹಿಂದೆಮುಂದೆ ಸುಳಿದಾಡುತ್ತ, ಅಪ್ಪ ಬೈಯುವುದನ್ನು ಕೇಳುತ್ತ ಬಂತು. ಇಪ್ಪತ್ತೈದು ವರ್ಷಕ್ಕೂ ಫೋನು ಮಾಡಿ "ಅಮ್ಮಾ, ಹುಳಿಗೆ ಬೇಳೆ ಎಷ್ಟು ಹಾಕಲಿ?" ಎಂದು ಕೇಳುವವರು ನಾವು. ಆ ಫೋನು ಎತ್ತುವವರು ಇವರಿಗೆ ಯಾರು?

ಬಾಡಿಗೆಗೆ ಕೋಣೆ ಕೇಳಲು ಹೋದರೆ ಓನರ್ ಕೇಳುವ ಮೊದಲ ಪ್ರಶ್ನೆ: ಯಾವ ಊರು, ಅಪ್ಪ ಏನು ಮಾಡುತ್ತಾರೆ. ಆಮೇಲೆ ಅಡ್ವಾನ್ಸಿನ ಮಾತು. ಜ್ವರವೋ ಅಪಘಾತವೋ ಆಗಿ ಆಸ್ಪತ್ರೆ ಸೇರಿದರೆ ನರ್ಸು ಕೇಳುವುದು: "ಪೇಷಂಟ್ ಕಡೆಯವರು ಯಾರಿದ್ದೀರಿ?" ಕೆಲಸಕ್ಕೆ ಸೇರುವಾಗಿನ ಅರ್ಜಿಯಲ್ಲೂ ತುರ್ತು ಸಂದರ್ಭಕ್ಕೆಂದು ಒಂದು ಹೆಸರು, ಒಂದು ನಂಬರು ಕೇಳುತ್ತಾರೆ. ಅಲ್ಲಿ ಸಂಸ್ಥೆಯ ಹಳೆಯ ಅಧೀಕ್ಷಕರ ನಂಬರ್ ಬರೆಯೋಣವೆಂದರೆ ಅವರಿಗೆ ಅಷ್ಟರಲ್ಲಿ ಬೇರೆ ಜಿಲ್ಲೆಗೆ ವರ್ಗವಾಗಿರುತ್ತದೆ.

ಕಾಗದಪತ್ರದ ಕಷ್ಟ ಬೇರೆಯೇ. ಮಹಾರಾಷ್ಟ್ರದ ಅಮೃತಾ ಕರವಂದೆ ಅವರ ಕತೆ ಪತ್ರಿಕೆಗಳಲ್ಲಿ ಬಂದಿದೆ. ಗೋವಾದ ಅನಾಥಾಶ್ರಮದಲ್ಲಿ ಬೆಳೆದವರು, ಹದಿನೆಂಟಕ್ಕೆ ಹೊರಬಂದು ಪುಣೆ ಸೇರಿದರು. ದುಡಿಯುತ್ತಲೇ ಓದಿದರು, ರಾಜ್ಯ ಲೋಕಸೇವಾ ಆಯೋಗದ ಪರೀಕ್ಷೆಯನ್ನೂ ಬರೆದರು. ಅಪ್ಪ ಅಮ್ಮನ ಸುಳಿವೇ ಇಲ್ಲದವರು ಆದಾಯದ, ಜಾತಿಯ ಪ್ರಮಾಣಪತ್ರ ತರುವುದು ಎಲ್ಲಿಂದ? ಪ್ರಮಾಣಪತ್ರವಿಲ್ಲದ ಕಾರಣಕ್ಕೆ ಉಳ್ಳವರ ಜೊತೆ ಪೈಪೋಟಿ ಮಾಡಬೇಕಾಗಿ ಬಂದು ಕೆಲಸ ತಪ್ಪಿಹೋಯಿತು. ಅವರು ಸುಮ್ಮನಾಗದೆ ಮುಖ್ಯಮಂತ್ರಿಯವರೆಗೆ ಹೋದರು. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಅನಾಥರಿಗೆ ಶಿಕ್ಷಣ, ಉದ್ಯೋಗದಲ್ಲಿ ಶೇಕಡ 1ರ ಮೀಸಲಾತಿ ತಂದಿತು. ಹದಿನೆಂಟಕ್ಕೆ ಹೊರಬಿದ್ದ ಹುಡುಗಿಯೊಬ್ಬಳ ಹಟ ಒಂದು ರಾಜ್ಯದ ನೀತಿಯನ್ನೇ ತಿದ್ದಿತು.

ಇನ್ನು ಹಬ್ಬಗಳು. ದಸರಾ, ದೀಪಾವಳಿ ಬಂದರೆ ಕಾಲೇಜು ಹಾಸ್ಟೆಲ್ ಖಾಲಿಯಾಗುತ್ತದೆ, ಮೆಸ್ ಬಾಗಿಲು ಹಾಕುತ್ತಾರೆ, ಎಲ್ಲರೂ ಊರಿಗೆ ಬಸ್ಸು ಹತ್ತುತ್ತಾರೆ. ಊರಿಲ್ಲದವರು? ಇಂಗ್ಲೆಂಡಿನಲ್ಲಿ ಲೆಮ್ ಸಿಸೇ ಎಂಬ ಕವಿ ಇದ್ದಾರೆ. ತಾಯಿ ಇಥಿಯೋಪಿಯಾದವರು, ಇವರು ಬೆಳೆದದ್ದು ಸಾಕುಮನೆಯಲ್ಲಿ, ಹನ್ನೆರಡರ ನಂತರ ಮಕ್ಕಳ ಗೃಹಗಳಲ್ಲಿ. ನಾರ್ಮನ್ ಎಂದು ಕರೆಸಿಕೊಂಡು ಬೆಳೆದವರಿಗೆ ತನ್ನ ನಿಜವಾದ ಹೆಸರು ತಿಳಿದದ್ದು ಹೊರಬರುವ ಹೊತ್ತಿಗೆ ಜನನ ಪ್ರಮಾಣಪತ್ರ ಕೈಗೆ ಬಂದಾಗ. ಅವರು 2013ರಲ್ಲಿ ಮ್ಯಾಂಚೆಸ್ಟರಿನಲ್ಲಿ ಒಂದು ಕೆಲಸ ಶುರುಮಾಡಿದರು: ಹೀಗೆ ಹೊರಬಂದ ಹದಿನೆಂಟರಿಂದ ಇಪ್ಪತ್ತೈದರ ಹುಡುಗ ಹುಡುಗಿಯರಿಗೆ ಕ್ರಿಸ್‌ಮಸ್ ದಿನವೇ ಹಬ್ಬದೂಟ, ಉಡುಗೊರೆ. ಸ್ವಯಂಸೇವಕರೇ ನಡೆಸುವ ಆ ಊಟ ಆಮೇಲೆ ಬೇರೆ ಊರುಗಳಿಗೂ ಹಬ್ಬಿತು. ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಇಂಥ ವಿದ್ಯಾರ್ಥಿಗಳಿಗೆ ರಜೆಯಲ್ಲೂ ಹಾಸ್ಟೆಲ್ ಕೋಣೆ ಬಿಟ್ಟುಕೊಡುತ್ತವೆ. ನಮ್ಮ ಹಾಸ್ಟೆಲುಗಳಲ್ಲೂ ಒಂದು ಆದೇಶದಲ್ಲಿ ಆಗುವ ಕೆಲಸವಿದು, ದೊಡ್ಡ ಖರ್ಚೂ ಇಲ್ಲ.

ನಮ್ಮಲ್ಲಿ ಸಂಭ್ರಮವೇ ಇಲ್ಲ ಎನ್ನಲಾರೆ. ಆಸರೆಯಿಲ್ಲದ ಹೆಣ್ಣುಮಕ್ಕಳಿಗಾಗಿ ಇರುವ ದಾವಣಗೆರೆಯ ರಾಜ್ಯ ಮಹಿಳಾ ನಿಲಯದಂಥ ಕಡೆ ನಿವಾಸಿ ಯುವತಿಯ ಮದುವೆಯಾದರೆ ಚಪ್ಪರ, ವಾಲಗ, ಜಿಲ್ಲಾಡಳಿತದ ಅಧಿಕಾರಿಗಳೇ ತಂದೆ ತಾಯಿಯ ಸ್ಥಾನದಲ್ಲಿ ನಿಲ್ಲುವುದು, ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೋ. ನೋಡಿದರೆ ಕಣ್ಣು ತುಂಬುತ್ತದೆ, ಸುಳ್ಳಲ್ಲ. ಆದರೂ ಕೇಳಬೇಕೆನಿಸುತ್ತದೆ: ಅದೇ ನಿಲಯದಿಂದ ಒಬ್ಬಳು ನರ್ಸಿಂಗ್ ಓದಲು ಹೊರಟರೆ, ಬಾಲಮಂದಿರದ ಹುಡುಗನೊಬ್ಬ ಐಟಿಐ ಮುಗಿಸಿ ಕಾರ್ಖಾನೆಗೆ ಸೇರಿದರೆ ಯಾರು ವಾಲಗ ಊದಿಸುತ್ತಾರೆ? ಹೆಣ್ಣಿನ ಜವಾಬ್ದಾರಿ ಕಳೆಯಿತು ಎಂಬ ನಿಟ್ಟುಸಿರು ಆ ಮದುವೆಯ ಸಡಗರದಲ್ಲಿ ಸ್ವಲ್ಪ ಬೆರೆತಿದೆ ಎಂದೇ ನನ್ನ ಗುಮಾನಿ. ಮದುವೆಯಾಗಿ ಹೋದ ಮಗಳು ಗೌರಿಹಬ್ಬಕ್ಕೆ ಬಾಗಿನ ತೆಗೆದುಕೊಳ್ಳಲು ಬರುತ್ತಾಳೆ, ಬಾಣಂತನಕ್ಕೆ ಬರುತ್ತಾಳೆ, ಗಂಡನ ಜೊತೆ ಜಗಳವಾದರೂ ಬರುತ್ತಾಳೆ. ಹೊರಟವರು ಹೀಗೆ ಹೇಳದೆ ಕೇಳದೆ ಬಂದುಹೋಗುವ ಜಾಗವಾಗಿ ಬಾಲಮಂದಿರ ಉಳಿಯಬೇಕಾದರೆ ಹಳೆಯ ಮಕ್ಕಳಿಗೆಂದು ಒಂದು ಕೋಣೆ, ವರ್ಷಕ್ಕೊಂದು ದಿನ, ಗೇಟಿನಲ್ಲಿ ಗುರುತು ಹಿಡಿಯುವ ಒಬ್ಬರು ಬೇಕು.

ಕೇಳುಗರಲ್ಲಿ ಕೆಲವರಿಗೆ ತಾವೇನಾದರೂ ಮಾಡಬಹುದೇ ಎನಿಸಿರಬಹುದು. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ. ಸಂಸ್ಥೆ ಬಿಟ್ಟವರಿಗೆ ಓದು, ವೈದ್ಯಕೀಯ ನೆರವು, ಊಟೋಪಚಾರ, ಕಸುಬಿನ ತರಬೇತಿ ಇವುಗಳಲ್ಲಿ ಕೈಜೋಡಿಸಲು ಒಪ್ಪುವ ಸಂಸ್ಥೆಗಳ, ವ್ಯಕ್ತಿಗಳ ಪಟ್ಟಿಯನ್ನು ಈ ಘಟಕ ಇಟ್ಟುಕೊಳ್ಳಬೇಕೆಂದು ಮಾದರಿ ನಿಯಮಗಳೇ ಹೇಳುತ್ತವೆ. ಗ್ಯಾರೇಜ್ ನಡೆಸುವವರು ಒಬ್ಬ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು. ಮೇಲಿನ ಕೋಣೆ ಖಾಲಿ ಇರುವವರು ಅಪ್ಪ ಏನು ಮಾಡುತ್ತಾರೆ ಎಂದು ಕೇಳದೆ ಬಾಡಿಗೆಗೆ ಕೊಡಬಹುದು. ನಿವೃತ್ತ ಮೇಷ್ಟರು, ಬ್ಯಾಂಕಿನಲ್ಲಿ ಇದ್ದವರು ಭಾನುವಾರ ಒಂದು ಗಂಟೆ ಕೂತು ಅರ್ಜಿ ತುಂಬುವುದು ಹೇಗೆ, ಸಂಬಳದಲ್ಲಿ ಉಳಿಸುವುದು ಹೇಗೆಂದು ಹೇಳಿಕೊಡಬಹುದು. ಇನ್ನು ಈ ಮಾತು ಕೇಳುತ್ತಿರುವವರಲ್ಲಿ ಇಂಥ ಸಂಸ್ಥೆಯಿಂದ ಈಚೆಗೆ ಹೊರಬಂದ, ಇಪ್ಪತ್ತೊಂದು ತುಂಬದವರು ಯಾರಾದರೂ ಇದ್ದರೆ ಆಧಾರ್ ಮತ್ತು ಸಂಸ್ಥೆಯಲ್ಲಿ ಇದ್ದುದರ ದಾಖಲೆ ಹಿಡಿದು ಅದೇ ಘಟಕಕ್ಕೆ ಹೋಗಿ, ನನ್ನ ಯೋಜನೆ ಬರೆದಿದ್ದೀರಾ, ತಿಂಗಳ ನೆರವಿಗೆ ನನ್ನ ಹೆಸರು ಸೇರಿದೆಯೇ ಎಂದು ಕೇಳಿ. ಸಂಕೋಚ ಬೇಡ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಗೊತ್ತಿರುವ ಮೇಷ್ಟರನ್ನೋ ಪಕ್ಕದ ಮನೆಯವರನ್ನೋ ಜೊತೆಗೆ ಕರೆದುಕೊಂಡು ಹೋಗಿ.