ಊರ ಪಕ್ಕದ ಕಾರ್ಖಾನೆ



ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದು ಮನೆಯವರಿಗೆ ತಿಳಿದಿರುತ್ತದೆ. ಊರ ಪಕ್ಕದ ಕಾರ್ಖಾನೆಯೊಳಗೆ ಏನಿದೆ ಎಂಬುದು ಊರಿಗೆ ತಿಳಿದಿದೆಯೇ? ಭೋಪಾಲದ ಜನಕ್ಕೆ ತಿಳಿದಿರಲಿಲ್ಲ. ೧೯೮೪ನೆಯ ಡಿಸೆಂಬರ್ ೨ರ ರಾತ್ರಿ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ ತೊಟ್ಟಿಯೊಂದರೊಳಗೆ ನೀರು ಸೇರಿತು. ಅಲ್ಲಿದ್ದ ಮೀಥೈಲ್ ಐಸೊಸೈನೇಟ್ ಕುದಿದು ವಿಷಾನಿಲವಾಗಿ ಹೊರಬಿತ್ತು. ಆ ರಾಸಾಯನಿಕವನ್ನು ತಣ್ಣಗಿಡುವ ಯಂತ್ರವನ್ನು ಮೊದಲೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರದ ಕೊಳವೆಯನ್ನು ಬಿಚ್ಚಿಟ್ಟಿದ್ದರು. ಗಾಳಿಗಿಂತ ಭಾರವಾದ ಆ ಅನಿಲ ನೆಲ ಹಿಡಿದು ಗುಡಿಸಲುಗಳಿಗೆ ನುಗ್ಗಿತು. ಜನ ಓಡಿದರು. ಓಡುವವನಿಗೆ ಏದುಸಿರು, ಏದುಸಿರಿಗೆ ಇನ್ನಷ್ಟು ವಿಷ! ಒದ್ದೆ ಬಟ್ಟೆಯನ್ನು ಮೂಗುಬಾಯಿಗೆ ಒತ್ತಿಕೊಳ್ಳಿರೆಂದು ಹೇಳುವವರಿರಲಿಲ್ಲ. ಎದುರಿಗೆ ಬಂದ ರೋಗಿಯ ಎದೆಗೆ ಹೊಕ್ಕದ್ದು ಏನೆಂಬುದು ವೈದ್ಯರಿಗೂ ತಿಳಿಯದು. ಸಾವಿರಾರು ಜೀವಗಳು ಹೋದವು.

ಅಷ್ಟಾದ ಮೇಲೆ, ೧೯೮೭ರಲ್ಲಿ, ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ಬಂತು. ತಮ್ಮಲ್ಲಿರುವ ಅಪಾಯವನ್ನೂ ಅದಕ್ಕೆ ಮಾಡಿಕೊಂಡ ರಕ್ಷಣೆಯನ್ನೂ ಕಾರ್ಖಾನೆಯವರು ಕೆಲಸಗಾರರಿಗಷ್ಟೇ ಅಲ್ಲ, ನೆರೆಯಲ್ಲಿ ವಾಸಿಸುವ ಜನರಿಗೂ ತಿಳಿಸಬೇಕೆಂದು ಅದು ವಿಧಿಸಿತು. ನಿಯಮವೇನೋ ಬಂತು, ಕೇಳುವವರು ಬೇಕಲ್ಲ! ಕೆಲಸ ಕೊಡುವ ಧಣಿಯನ್ನು ಕೇಳುವುದು ಹೇಗೆಂದು ನಮಗೆ ಸಂಕೋಚ. ಕಾರ್ಖಾನೆ ಬೇಡವೆಂದು ನಾವು ಹೇಳುತ್ತಿಲ್ಲ. ನಿಮ್ಮೂರ ಪಕ್ಕದಲ್ಲಿ ಅಂಥದೊಂದು ಇದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ: ಒಳಗೆ ಯಾವ ರಾಸಾಯನಿಕವಿದೆ? ಸೋರಿದರೆ ಸೈರನ್ ಹೇಗೆ ಕೂಗುತ್ತದೆ? ಗಾಳಿ ನಮ್ಮ ಕಡೆಗೇ ಬೀಸುತ್ತಿದ್ದರೆ ಮಕ್ಕಳನ್ನು ಕಟ್ಟಿಕೊಂಡು ಯಾವ ದಾರಿ ಹಿಡಿಯಬೇಕು?