ಅಡಾಪ್ಟರ್ ಮಾಡುವ ಮುನ್ನ



ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಲ್ಲಿ ವರ್ಕ್‌ಶಾಪ್ ಕೆಲಸ ಮಾಡುವ ನಮ್ಮವರಲ್ಲಿ ಕೆಲವರು ಮನೆಯ ಶೆಡ್‌ನಲ್ಲೇ ಹಳೆಯ ಲೇತ್ ಇಟ್ಟುಕೊಂಡಿದ್ದೀರಿ. ಅಡಿಲೇಡ್‌ನಲ್ಲೇ ತಯಾರಾಗುತ್ತಿದ್ದ ಹರ್ಕಸ್ 9 ಇಂಚಿನ ಲೇತ್ ನೋಡಿ. ಅದರ ಸ್ಪಿಂಡಲ್ ತ್ರೆಡ್ ಒಂದೂವರೆ ಇಂಚು, ಇಂಚಿಗೆ 8 ಸುತ್ತು. ಈಗಿನ ಮಿಲಿಮೀಟರ್ ಲೆಕ್ಕದ ಚಕ್ ಅದಕ್ಕೆ ನೇರ ಕೂರುವುದಿಲ್ಲ, ನಡುವೆ ಬ್ಯಾಕ್‌ಪ್ಲೇಟ್ ಬೇಕು. ಎರಕದ ಕಬ್ಬಿಣದಲ್ಲಿ ನೀವೇ ಮಾಡಬಹುದು. ಮೊದಲು ತ್ರೆಡ್ ಹಾಕಿ, ಅದೇ ಸ್ಪಿಂಡಲ್‌ಗೆ ಬಿಗಿದು, ಆಮೇಲೆ ಚಕ್ ಕೂರುವ ಮುಖವನ್ನು ಅಲ್ಲೇ ಟರ್ನಿಂಗ್ ಮಾಡಿ. ಆಗ ಚಕ್ ಓಲಾಡುವುದಿಲ್ಲ.

ಆದರೆ ಕೂರಿಸಲಿಕ್ಕೆ ಆಗ್ತದೆ ಅಂತ ಎಲ್ಲದಕ್ಕೂ ಅಡಾಪ್ಟರ್ ಮಾಡ್ಬೇಡಿ. 230 ಮಿಲಿಮೀಟರ್ ಕಟಿಂಗ್ ಡಿಸ್ಕ್ ಮೇಲೆ ಸಾಮಾನ್ಯವಾಗಿ 6,600 ಆರ್‌ಪಿಎಂ ಆಸುಪಾಸಿನ ಮಿತಿ ಬರೆದಿರುತ್ತದೆ. ಸಣ್ಣ ಗ್ರೈಂಡರ್ ತಿರುಗುವುದು ಸುಮಾರು 11,000. ಎಂ10 ತ್ರೆಡ್‌ಗೆ ಎಂ14 ಅಡಾಪ್ಟರ್ ಮಾಡಿ, ಗಾರ್ಡ್ ತೆಗೆದು ಆ ದೊಡ್ಡ ಡಿಸ್ಕ್ ಹಾಕಿದರೆ ಅದು ಸಿಡಿದು ಮುಖಕ್ಕೇ ಬರಬಹುದು. ಅಡಾಪ್ಟರ್ ತ್ರೆಡ್ ಹೊಂದಿಸುತ್ತದೆ, ವೇಗವನ್ನಲ್ಲ.

ಡಿಸ್ಕ್ ಮೇಲಿನ ಅಂಕಿ ಓದಿಯೇ ಕೈ ಹಾಕಿ. ಊರಲ್ಲಿ ಉಮ್ಮ ದುಆ ಮಾಡುವುದು ನಮ್ಮ ಸಂಬಳಕ್ಕಿಂತ ಮೊದಲು ನಮ್ಮ ಕಣ್ಣು, ಕೈಗಳಿಗಾಗಿ. ವಸ್ಸಲಾಂ.